ಮರಿ ಬರುವುದಕ್ಕೆ ಮುಂಚೆ ಹುಡುಕಿದ ಉಂಡೆಗಳು

ಅವ್ವ ಮೊಣಕಾಲೂರಿ, ನೆಲಕ್ಕೆ ಮೂಗು ಹಚ್ಚಿ, ಮನೆಯ ಮೂಲೆಗಳನ್ನು ಮೂಸುತ್ತಿದ್ದಳು. ಇಲ್ಲಿಂದ ಶುರು ಮಾಡುತ್ತೇನೆ. ಈ ಒಂದು ದೃಶ್ಯದ ಬಗ್ಗೆ ನನಗೂ ನನ್ನ ತಂಗಿಗೂ ತಕರಾರಿಲ್ಲ. ಉಳಿದದ್ದರ ಬಗ್ಗೆ ಇದೆ. ಅದನ್ನು ಬಂದಲ್ಲಿ ಬಂದ ಹಾಗೆ ಹೇಳುತ್ತೇನೆ.

ಎಂಬತ್ತರ ದಶಕದ ಒಂದು ಬೇಸಿಗೆ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ನಮ್ಮ ಬಾಡಿಗೆ ಮನೆ. ನೆಲಕ್ಕೆ ಶಹಾಬಾದಿ ಕಲ್ಲಿನ ಪರಸಿ, ಪರಸಿಯ ಸಂದಿಗಳಲ್ಲಿ ಇಲಿ. ನಾನು ಕಾಲೇಜಿನಲ್ಲಿದ್ದೆ, ತಂಗಿ ಇನ್ನೂ ಸಣ್ಣ ಶಾಲೆಯಲ್ಲಿ. ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನ. ಹೊರಗೆ ಎಲ್ಲರ ಜೊತೆ ನಿಂತು ಚಹಾ ಕುಡಿಯುವ ಮನುಷ್ಯ, ಹೊಸ್ತಿಲು ದಾಟಿದ ಕೂಡಲೇ ಬೇರೆ. ಬೆಳಿಗ್ಗೆ ಮಡಿ ಉಟ್ಟು ಪೂಜೆಗೆ ಕೂತನೆಂದರೆ ದೇವರಮನೆಯ ಹತ್ತಿರ ಯಾರ ಸೆರಗೂ ಸುಳಿಯುವಂತಿಲ್ಲ. ನಮ್ಮ ಅಡುಗೆಮನೆಗೆ ಉಳ್ಳಾಗಡ್ಡಿ ಬಂದದ್ದಿಲ್ಲ, ಬಳ್ಳೊಳ್ಳಿ ಬಂದದ್ದಿಲ್ಲ. ಬೆಕ್ಕಂತೂ ಅಂಗಳದಿಂದ ಒಳಗೆ ಕಾಲಿಟ್ಟದ್ದಿಲ್ಲ.

ಆದ್ದರಿಂದಲೇ ಅವ್ವನ ಮೂಗು ಕೆಲಸಕ್ಕೆ ಬಂತು. ಇಲಿ ಔಷಧದ ಕರಿ ಪುಡಿಗೆ ಬಳ್ಳೊಳ್ಳಿಯಂಥ ಒಂದು ವಾಸನೆ ಇರುತ್ತದೆ. ದಿನಾ ಬಳ್ಳೊಳ್ಳಿ ಒಗ್ಗರಣೆ ಹಾಕುವ ಮನೆಯಲ್ಲಿ ಅದು ಯಾರಿಗೂ ಗೊತ್ತಾಗದು. ನಮ್ಮ ಮನೆಯಲ್ಲಿ ಅವ್ವ ಖೋಲಿಯ ಬಾಗಿಲಲ್ಲಿ ನಿಂತು "ಇಲ್ಲೆ ಎಲ್ಲೋ ಅದ" ಅನ್ನುತ್ತಿದ್ದಳು. ಅದು ಎಲ್ಲಿದೆ ಎಂದು ಹುಡುಕುವುದಕ್ಕೆ ಮಾತ್ರ ನೆಲಕ್ಕೆ ಬಗ್ಗಬೇಕಾಗುತ್ತಿತ್ತು.

ಬಾಜೂ ಮನೆಯ ಅಕ್ಕ, ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರ ಹೆಂಡತಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಬಂದು ನೋಡಿದಳು.

"ಏನ್ರೀ ವೈನೀ, ನೆಲಾ ಮೂಸಾಕತ್ತೀರಿ? ಬೆಕ್ಕ ಬರೂದಕ್ಕಿಂತ ಮೊದಲ ನೀವೇ ಬೆಕ್ಕ ಆದ್ರೇನು?"

"ಬಳ್ಳೊಳ್ಳಿ ವಾಸನಿ ಹುಡುಕ್ಲಿಕತ್ತೀನ್ರೀ."

"ಅಯ್ಯ, ಅದಕ್ಯಾಕ ಇಷ್ಟು ಕಷ್ಟಾ ಪಡ್ತೀರಿ? ನಮ್ಮನಿಗೆ ಬರ್ರಿ. ಬುಟ್ಟಿಗಟ್ಟಲೆ ಅದ."

ಅವ್ವ ನಗಲಿಲ್ಲ. ಅವಳು ನಗುವ ಸ್ಥಿತಿಯಲ್ಲಿರಲಿಲ್ಲ ಎಂದು ನಾನೀಗ ಬರೆಯುತ್ತಿದ್ದೇನೆ. ಆಗ ನನಗೆ ಹಾಗೆ ಅನ್ನಿಸಿತ್ತೋ ಇಲ್ಲವೋ ಖಾತ್ರಿಯಿಲ್ಲ. ಆಗ ನಾನು ನಕ್ಕಿದ್ದೆ ಎಂಬುದು ಮಾತ್ರ ನೆನಪಿದೆ.

ಅವ್ವನ ತವರು ಕಮಲಾಪುರ. ಆ ವರ್ಷದ ಚಳಿಗಾಲದಲ್ಲಿ ಅಲ್ಲಿ ನಮ್ಮ ಅಜ್ಜಿ ತೀರಿಕೊಂಡಿದ್ದಳು. ಅಜ್ಜಿಗೆ ಒಂದು ಬೂದು ಬಣ್ಣದ ಬೆಕ್ಕಿತ್ತು. ಅವಳು ಮಡಿಯಲ್ಲಿದ್ದಾಗ ಬೆಕ್ಕು ಮಾರು ದೂರ ಕೂತು ಕಾಯುತ್ತಿತ್ತು, ಮಡಿ ಬಿಟ್ಟಾಗ ತೊಡೆ ಏರುತ್ತಿತ್ತು. ಹಾಗೆಂದು ಅವ್ವ ಹೇಳುತ್ತಿದ್ದಳು. ಕರ್ಮ ಎಲ್ಲಾ ಮುಗಿದ ಮೇಲೆ ಅಜ್ಜಿಯ ಪಾತ್ರೆ, ಸೀರೆ, ಮಣೆ ಯಾರಿಗೆ ಏನು ಎಂಬ ಮಾತು ಬಂದಾಗ ಅವ್ವ ಏನನ್ನೂ ಕೇಳಲಿಲ್ಲ. ಇದನ್ನು ನಾನೇ ಕಂಡಿದ್ದೇನೆ. ಅವಳು ಹಿತ್ತಲಲ್ಲಿ ಬೆಕ್ಕಿಗೆ ಹಾಲು ಹಾಕುತ್ತ ಕೂತಿದ್ದಳು. ಯಾರೋ ಕರೆದರೂ ಒಳಗೆ ಬರಲಿಲ್ಲ.

ಬೇಸಿಗೆಯಲ್ಲಿ ಮಾಮಾ ಬಂದ. ಮಾಮಾ ಎಂದರೆ ಅವ್ವನ ತಮ್ಮ, ಕಮಲಾಪುರದಲ್ಲಿ ಶಾಲೆಯ ಮಾಸ್ತರ. ಏನೋ ಕಚೇರಿ ಕೆಲಸಕ್ಕೆ ಬಂದವನು ಊಟದ ಹೊತ್ತಿಗೆ ನಮ್ಮ ಮನೆಗೆ ಬಂದಿದ್ದ. ಕೈಯಲ್ಲಿ ಯಥಾಪ್ರಕಾರ ಕೆಂಪು ಬಾಳೆಯ ಒಂದು ಚಿಪ್ಪು.

"ಅಕ್ಕಾ, ಅವ್ವನ ಬೆಕ್ಕು ಮರಿ ಹಾಕ್ಯದ ನೋಡು. ಎಲ್ಲಾ ಹ್ವಾದವು. ಒಂದು ಉಳದದ."

"ಒಂದs?"

"ಒಂದs. ತಾಯಿ ಭಾಳ ಮುದಿ ಆಗ್ಯದ. ಹಾಲೂ ಇಲ್ಲ ಅದರ ಹತ್ರ. ಇನ್ನ ಮರಿ ಹಾಕೂದೂ ಇಲ್ಲ ಅನಸ್ತದ."

ಅವ್ವ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. "ಅದು ನನಗ ಬೇಕು" ಅಂದಳು. ಮಾಮಾನಿಗೆ ಅಲ್ಲ, ಅಪ್ಪನಿಗೆ.

ಮದುವೆಯಾದಂದಿನಿಂದ ಈ ಮನೆಯಲ್ಲಿ ಅವಳು ಬೆಕ್ಕಿನ ಮಾತು ಎತ್ತಿದಾಗಲೆಲ್ಲ ಅಪ್ಪ ಮಡಿಯ ಮಾತು ಎತ್ತಿದ್ದ, ಮಾತು ಅಲ್ಲಿಗೆ ಮುಗಿದಿತ್ತು. ಆ ದಿನ ಅಪ್ಪ ತುತ್ತು ನುಂಗಿ, ಎಲೆಯನ್ನೇ ನೋಡುತ್ತ, "ತೊಗೊಂಡ ಬಾ ಗುರುವಾರ" ಎಂದ. ಮಾಮಾ ತಾನು ಕೇಳಿದ್ದು ಖರೆಯೋ ಎಂಬಂತೆ ನನ್ನ ಮುಖ ನೋಡಿದ. ಅವ್ವ ಸೌಟನ್ನು ಮತ್ತೆ ಎತ್ತಿಕೊಂಡು ಅಪ್ಪನ ಎಲೆಗೆ ಕೇಳದೆಯೇ ತುಪ್ಪ ಬಡಿಸಿದಳು.

ಮಾಮಾ ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ ಅಪ್ಪ ಕೈ ತೊಳೆಯುತ್ತ, ಬೆನ್ನು ಈ ಕಡೆ ಮಾಡಿಯೇ ಹೇಳಿದ.

"ಮನ್ನಿ ನೀ ಬಾಜೂ ಮನಿಗೆ ಹೋದಾಗ ಇಲಿ ಔಷಧಾ ಇಟ್ಟೀನಿ."

"ಎಲ್ಲಿ?"

"ಅಲ್ಲಲ್ಲೆ."

"ಅಲ್ಲಲ್ಲೆ ಅಂದ್ರ ಎಲ್ಲೆಲ್ಲೆ ರೀ?"

"ನೆನಪ ಮಾಡಿ ಹೇಳ್ತೀನಿ. ಯಾಕಿಷ್ಟು ಗಡಿಬಿಡಿ? ಮರಿ ಬರೂದು ಇನ್ನ ಗುರುವಾರ."

"ಎಷ್ಟು ಉಂಡಿ ಇಟ್ಟೀರಿ?"

"ಹತ್ತೋ ಹನ್ನೆರಡೋ."

"ಹತ್ತೋ? ಹನ್ನೆರಡೋ?"

ಅಪ್ಪ ಟಾವೆಲ್ಲಿಗೆ ಕೈ ಒರೆಸಿಕೊಂಡ. ತಪ್ಪು ಅವನದೇ ಎಂದು ಯಾರೂ ಹೇಳುವಂತಿರಲಿಲ್ಲ. ಬೆಕ್ಕು ಬರುತ್ತದೆಂದು ಅವನಿಗೇನು ಗೊತ್ತು? ಇಲಿಗಳು ಅವನ ಪಟ್ಟೆಮಡಿಯನ್ನು ಅಂಚಿನಿಂದ ಶುರು ಮಾಡಿ ನಡುವಿನ ತನಕ ಕಡಿದಿದ್ದವು. ಅವ್ವ ಹೊಸೆದಿಟ್ಟ ಹೂಬತ್ತಿಗಳನ್ನು ತುಪ್ಪದ ಆಸೆಗೆ ಎಳೆದೊಯ್ದಿದ್ದವು. ಸಿಟ್ಟಿಗೆದ್ದು ಪುಡಿ ತಂದು, ಅನ್ನಕ್ಕೆ ತುಪ್ಪ ಹಾಕಿ ಕಲಸಿ, ಉಂಡೆ ಮಾಡಿ ಇಟ್ಟಿದ್ದ. ವಿಚಿತ್ರವೆಂದರೆ ಇಲಿಗಳು ಒಂದನ್ನೂ ಮುಟ್ಟಿರಲಿಲ್ಲ. ಖೂಬಾ ಪ್ಲಾಟಿನ ಇಲಿಗಳಿಗೆ ಆ ಪುಡಿಯ ಪರಿಚಯ ನಮಗಿಂತ ಹಳೆಯದು. ಆದರೆ ಹಾಲು ಸಾಲದೆ ಬರುವ, ಹಸಿದ ಒಂದು ಮರಿಗೆ ತುಪ್ಪದ ಅನ್ನದ ಉಂಡೆ ಎಂದರೇನು ಎಂಬುದು ಅವ್ವನಿಗೆ ಗೊತ್ತಿತ್ತು. ಅದಕ್ಕೇ ಅವಳು ನೆಲ ಮೂಸಿದ್ದು.

ಗುರುವಾರದವರೆಗೆ ನಮ್ಮ ಮನೆ ಎರಡು ತಯಾರಿಗಳಲ್ಲಿತ್ತು. ಒಂದು, ಎಲ್ಲರಿಗೂ ಕಾಣುವಂಥದು. ಹಾಲಿನ ಪಾತ್ರೆ ಜಾಳಿಗೆಯ ಕಪಾಟಿಗೆ ಹೋಯಿತು, ಕಪಾಟಿನ ಅಗಳಿ ಸಡಿಲವಿತ್ತು, ಅದಕ್ಕೆ ದಾರ ಬಿಗಿದೆವು. ಬಚ್ಚಲಿನ ನೀರಿನ ತೊಟ್ಟಿಗೆ ಹಲಗೆ ಮುಚ್ಚಿದೆವು. ಮಡಿಯ ಗಳವನ್ನು ಅಪ್ಪ ಇನ್ನೂ ಮೇಲಕ್ಕೆ, ಜಂತಿಯ ಹತ್ತಿರ ಕಟ್ಟಿದ. ಈಗ ಅವ್ವನ ಕೋಲಿಗೂ ಅದು ಎಟುಕದಾಯಿತು. ಒಡೆದ ಬುಟ್ಟಿಯೊಂದಕ್ಕೆ ಉಸುಕು, ಒಲೆಯ ಬೂದಿ ತುಂಬಿ ಹಿತ್ತಲ ಬಾಗಿಲ ಹಿಂದೆ ಇಟ್ಟೆವು. ಕುಡಿಯುವುದಕ್ಕೆ ಒಂದು ಹಿತ್ತಾಳೆ ಬಟ್ಟಲು. ಬಟ್ಟಲ ಬಗ್ಗೆ ಅಪ್ಪ, "ಅದನ್ನ ಮತ್ತ ಒಳಗ ತರೂದಿಲ್ಲಲ್ಲ?" ಎಂದು ಕೇಳಿದ. ಅವ್ವ ಬಟ್ಟಲಿಗೆ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು.

ಇನ್ನೊಂದು ತಯಾರಿ ಬಾಯಿ ಮುಚ್ಚಿಕೊಂಡು ನಡೆದಿತ್ತು. ಜೋಳದ ಚೀಲ ಎಳೆದೆವು. ತೊಗರಿಬೇಳೆಯ ಡಬ್ಬಿಗಳನ್ನು ಅಂಗಳಕ್ಕೆ ತಂದೆವು. ಅಪ್ಪ ಎರಡು ಜಾಗ ನೆನಪಿಸಿಕೊಂಡ: ಜೋಳದ ಚೀಲದ ಹಿಂದೆ, ಅಟ್ಟದ ಮೇಲೆ. ಎರಡೂ ಕಡೆ ಸಿಕ್ಕವು. ಒಣಗಿ ಕಲ್ಲಾಗಿದ್ದ ಬೂದು ಉಂಡೆಗಳನ್ನು ಅವ್ವ ಎಲೆಯ ಚೂರಿನಿಂದ ಎತ್ತಿ, ಹಾಳು ಡಬ್ಬಿಯಲ್ಲಿ ಹಾಕಿ, ಹಿತ್ತಲ ಮೂಲೆಯಲ್ಲಿ ಹುಗಿದಳು. ಮೂರನೆಯ ಜಾಗವನ್ನು ಅವಳ ಮೂಗೇ ಹಿಡಿಯಿತು: ಪಡಸಾಲೆಯಲ್ಲಿ, ಹಾಸಿಗೆ ಸುತ್ತಿಡುವ ಪೆಟ್ಟಿಗೆಯ ಕೆಳಗೆ. ಅಲ್ಲಿ ಮೂರು ಉಂಡೆ ಇದ್ದವು.

"ಹಾಂ, ಅಲ್ಲೂ ಇಟ್ಟಿದ್ದೆ" ಅಂದ ಅಪ್ಪ.

"ಹಿಂಗs ಅಂತೀರಿ. ನಾ ತಗದ ಮ್ಯಾಲೆ ಅಲ್ಲೂ ಇಟ್ಟಿದ್ದೆ ಅಂತೀರಿ. ತಗಿಯೂದಕ್ಕಿಂತ ಮೊದಲು ಹೇಳ್ಬೇಕಲ್ರೀ."

"ನನ್ನ ತಲ್ಯಾಗ ಕಚೇರಿದು ಸಾವಿರ ಇರ್ತಾವ."

"ಕಚೇರಿದು ಇರ್ತಾವ. ಮನಿದು ಇರಂಗಿಲ್ಲ."

ಮಾತು ಹೀಗೆಯೇ ಇತ್ತೋ, ಇದಕ್ಕಿಂತ ಕೆಟ್ಟದಾಗಿತ್ತೋ. ಅವರಿಬ್ಬರ ಜಗಳ ನನ್ನ ನೆನಪಿನಲ್ಲಿ ವರ್ಷ ಕಳೆದಂತೆ ಮೃದುವಾಗುತ್ತ ಬಂದಿದೆ. ತಂಗಿ ಹೇಳುತ್ತಾಳೆ, ಅವ್ವ ಆ ದಿನ ಡಬ್ಬಿಯನ್ನು ಅಪ್ಪನ ಕಾಲ ಬಳಿ ಎಸೆದಳು, ಉಂಡೆಗಳು ಉರುಳಿ ತಾನೇ ಒಂದನ್ನು ಎತ್ತಿಕೊಟ್ಟೆ ಎಂದು. ಅವಳ ಕೈಗೆ ವಿಷ ಕೊಡುವಷ್ಟು ಮರವೆ ಅವ್ವನಿಗೆ ಇರಲಿಲ್ಲ. ಆದರೆ ತಂಗಿಯ ದನಿಯಲ್ಲಿ ಅನುಮಾನವೇ ಇಲ್ಲ.

ಮರುದಿನ ಊಟದಲ್ಲಿ ನನಗೆ ಒಂದು ಸಂಗತಿ ಕಂಡಿತು.

ಅಪ್ಪ ಊಟಕ್ಕೆ ಮುಂಚೆ ದಿನಾಲೂ ಚಿತ್ರಾಹುತಿ ಇಡುತ್ತಿದ್ದ. ಎಲೆಯ ಬಲಗಡೆ ನೆಲಕ್ಕೆ ನೀರು ಸವರಿ, ಅನ್ನದ ಸಣ್ಣ ಸಣ್ಣ ಉಂಡೆಗಳನ್ನು ಸಾಲಾಗಿ. ಯಮನಿಗೆ, ಚಿತ್ರಗುಪ್ತನಿಗೆ, ಸಕಲ ಭೂತಗಳಿಗೆ. ಕೆಲವು ಮನೆಗಳಲ್ಲಿ ನಾಲ್ಕು ಇಡುತ್ತಾರೆ. ನಮ್ಮಲ್ಲಿ ಐದು. ಆ ಕೆಲಸ ಮಾಡುವಾಗ ಅಪ್ಪ ಕೆಳಗೆ ನೋಡುತ್ತಿರಲಿಲ್ಲ. ಬಾಯಿ ಮಂತ್ರ ಹೇಳುತ್ತಿತ್ತು, ಕಣ್ಣು ಇನ್ನೆಲ್ಲೋ, ಹೆಬ್ಬೆರಳು ಉಂಡೆಯನ್ನು ತಳ್ಳುತ್ತಿತ್ತು: ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಕೈ ತಾನಾಗಿ ಎಲೆಗೆ ಬರುತ್ತಿತ್ತು.

ಜೋಳದ ಚೀಲದ ಹಿಂದೆ ಸಿಕ್ಕದ್ದು ಐದು. ಅಟ್ಟದ ಮೇಲೆ ಐದು. ಸಾಲಾಗಿ.

"ಅಪ್ಪಾ, ಪೆಟ್ಟಿಗಿ ಕೆಳಗ ಇನ್ನೆರಡು ಇರಬೇಕು" ಅಂದೆ.

ಅಪ್ಪನ ಕೈ ಎಲೆಯ ಮೇಲೆ ನಿಂತಿತು. ಯಾಕೆ ಎಂದು ಕೇಳಿದ. ನಾನು ನೆಲದ ಮೇಲಿನ ಐದು ಅನ್ನದ ಉಂಡೆಗಳ ಕಡೆ ಬೆರಳು ಮಾಡಿದೆ. ಅವ್ವ ಅದನ್ನು ನೋಡಿದಳು, ಅಪ್ಪನ ಹೆಬ್ಬೆರಳನ್ನು ನೋಡಿದಳು, ಬಡಿಸುವುದು ಬಿಟ್ಟು ಪಡಸಾಲೆಗೆ ನಡೆದಳು. ಪೆಟ್ಟಿಗೆಯನ್ನು ನಾವಿಬ್ಬರೂ ಎಳೆದೆವು. ಗೋಡೆಗೆ ಹತ್ತಿದ ಪರಸಿಯ ಸಂದಿಯಲ್ಲಿ ಎರಡು ಉಂಡೆ ಉರುಳಿ ಕೂತಿದ್ದವು.

ಆ ಕ್ಷಣದ ಖುಷಿಯನ್ನು ಮರೆಯುವುದು ಸಾಧ್ಯವಿಲ್ಲ. ಲೆಕ್ಕ ಕೂಡಿತ್ತು. ಮೂರು ಜಾಗ, ಐದೈದು, ಹದಿನೈದು. ಅಪ್ಪನ ತಲೆ ಮರೆತದ್ದನ್ನು ಅಪ್ಪನ ಕೈ ನೆನಪಿಟ್ಟುಕೊಂಡಿತ್ತು, ಆ ಕೈಯನ್ನು ನಾನು ಓದಿದ್ದೆ. ಅವ್ವ ಎರಡು ದಿನದಲ್ಲಿ ಮೊದಲ ಸಲ ಕಾಲು ಚಾಚಿ ಕೂತಳು. ಎಲೆಯ ಮುಂದೆ ಇನ್ನೂ ಕೂತೇ ಇದ್ದ ಅಪ್ಪ ಒಳಗಿಂದಲೇ ಕೂಗಿ ಹೇಳಿದ:

"ಐದೈದು. ಮೂರು ಕಡೆ. ಹದಿನೈದು. ಮುಗೀತು."

ಇಷ್ಟು ಚೊಕ್ಕಟವಾಗಿ ಕೂಡುವ ಲೆಕ್ಕವನ್ನು ಕಂಡರೆ ನನಗೆ ಈಗ ಮೈ ಜುಮ್ಮೆನ್ನುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ. ಒಂದೊಂದು ಕಡೆ ಎಷ್ಟು ಎಂಬುದನ್ನು ಕೈ ಹೇಳಿತ್ತು. ಎಷ್ಟು ಕಡೆ ಎಂಬುದನ್ನು ಹೇಳಬೇಕಾದದ್ದು ಅಪ್ಪನ ಬಾಯಿ. ಈ ಎರಡು ಬೇರೆ ಬೇರೆ ಎಂದು ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಥವಾ ಒಬ್ಬನಿಗೆ ಮಾತ್ರ ಹೊಳೆದಿತ್ತು.

ಅವ್ವ ಮೂಸುವುದನ್ನು ನಿಲ್ಲಿಸಿದಳು. ಅಜ್ಜಿಯ ಹಳೇ ಸೀರೆಯ ಒಂದು ತುಂಡನ್ನು ಎಲ್ಲಿಂದಲೋ ತೆಗೆದು, ಮಡಿಕೆ ಮಾಡಿ, ಅಡುಗೆಮನೆಯ ಹೊರಗೆ ಬೆಚ್ಚಗಿನ ಗೋಡೆಯ ಬುಡದಲ್ಲಿ ಹಾಸಿದಳು. ತವರಿನಿಂದ ಏನೂ ತಂದಿರಲಿಲ್ಲ ಎಂದುಕೊಂಡಿದ್ದೆ. ಆ ತುಂಡು ಅವಳ ಹತ್ತಿರ ಹೇಗೆ ಬಂತು ಎಂದು ಕೇಳಲಿಲ್ಲ.

ಗುರುವಾರ ಮಧ್ಯಾಹ್ನ ಮಾಮಾ ಬಂದ. ಬಾಳೆಹಣ್ಣು ತುಂಬುವ ಬಿದಿರ ಬುಟ್ಟಿ, ಮೇಲೆ ಗೋಣಿತಟ್ಟು, ಸುತ್ತ ಹುರಿ. ದಾರಿ ಕಂಡರೆ ಬೆಕ್ಕು ತಿರುಗಿ ಹೋಗುತ್ತದೆಂದು ಕಮಲಾಪುರದಿಂದ ಇಲ್ಲಿಯ ತನಕ ಒಂದು ಸಲವೂ ತಟ್ಟು ಸರಿಸಿರಲಿಲ್ಲ. ಬುಟ್ಟಿಯೊಳಗಿಂದ ಕೂಗು ಬರುತ್ತಿತ್ತು. ಅಷ್ಟು ದೊಡ್ಡ ಬುಟ್ಟಿಗೆ ಅಷ್ಟು ಸಣ್ಣ ದನಿ.

"ಬಸ್ಸಿನ್ಯಾಗ ಕಂಡಕ್ಟರ್ ತಕರಾರ ತಗದ ನೋಡು. ಇದಕ್ಕೂ ಟಿಕೀಟ ತೊಗೋ ಅಂದ. ನಾ ಅಂದೆ, ಮಾಸ್ತರನ ಶಾಗಿರ್ದ ಅದಪಾ, ಸಾಲಿ ಹುಡುಗ, ಅರ್ಧಾ ಟಿಕೀಟ ಮಾಡು."

ಬಾಜೂ ಮನೆಯ ಅಕ್ಕನೂ ನೋಡಲು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವ್ವ ಪಡಸಾಲೆಯಲ್ಲಿ ಕೂತು ಹುರಿ ಬಿಚ್ಚಿದಳು. ತಟ್ಟು ಎತ್ತಿದ್ದೇ ತಡ, ಬೂದು ಬಣ್ಣದ್ದೊಂದು ಮುಷ್ಟಿ ಹೊರಗೆ ಹಾರಿ, ಅವಳ ಕೈಯ ಕೆಳಗಿಂದ ನುಸುಳಿ, ನಡುಮನೆ ದಾಟಿ ಓಡಿತು. ತಂಗಿ ಕಿರುಚಿದಳು. ನಾವೆಲ್ಲ ಎದ್ದು ಓಡುವುದರೊಳಗೆ ಮರಿ ತೆರೆದಿದ್ದ ದೇವರಮನೆಯೊಳಗೆ ಹೊಕ್ಕು, ದೇವರ ಮಂಟಪದ ಹಿಂದೆ ಮಾಯವಾಯಿತು.

ನಾವು ಹೊಸ್ತಿಲ ಹೊರಗೆ ನಿಂತೆವು.

ಇದನ್ನು ಹೊರಗಿನವರಿಗೆ ಹೇಗೆ ತಿಳಿಸಲಿ ಎಂದು ಯೋಚಿಸಿದ್ದೇನೆ. ಬಾಗಿಲು ತೆರೆದಿತ್ತು. ತಡೆಯುವವರು ಯಾರೂ ಇರಲಿಲ್ಲ. ಆದರೆ ಅವ್ವ ಬುಟ್ಟಿ ಮುಟ್ಟಿದ್ದಳು, ಮಾಮಾ ಬಸ್ಸಿನಲ್ಲಿ ಬಂದಿದ್ದ, ನಾನೂ ತಂಗಿಯೂ ಮಡಿಯಲ್ಲಿರಲಿಲ್ಲ. ನಾಲ್ಕು ಜನ ಒಂದು ಹೊಸ್ತಿಲ ಮುಂದೆ ಸಾಲಾಗಿ ನಿಂತು ಒಳಗೆ ಕತ್ತು ಚಾಚುತ್ತಿದ್ದೆವು.

"ಒಳಗ ಹೋಗಿ ಹಿಡಕೊಂಡ ಬರ್ರಲ್ಲ" ಎಂದಳು ಬಾಜೂ ಮನೆಯ ಅಕ್ಕ.

"ಮೈಲಿಗಿ ಆಗ್ತದ್ರೀ" ಎಂದ ಮಾಮಾ.

"ಬೆಕ್ಕ ಒಳಗ ಅದ, ಮೈಲಿಗಿ ಆಗಿಲ್ಲ. ನೀವು ಹೋದ್ರ ಆಗ್ತದ. ಚಲೋ ಅದ ನಿಮ್ಮ ಲೆಕ್ಕಾ!"

ಈ ಸಲ ಅವ್ವ ನಕ್ಕಳು. "ಇರಲಿ ಬಿಡ್ರಿ. ಅಂಜ್ಯದ. ಅಲ್ಲೆ ಏನೂ ಇಲ್ಲ ಅದನ್ನ ಕಾಡ್ಲಿಕ್ಕೆ. ಮನ್ಯಾಗ ಎಲ್ಲಕ್ಕಿಂತ ಚಲೋ ಜಾಗಾನೇ ಹುಡುಕ್ಯದ. ತಾನs ಬರ್ತದ." ಎಂದು ಹೊಸ್ತಿಲ ಹೊರಗೇ ಕೂತು, ಬಟ್ಟಲಲ್ಲಿ ಹಾಲು ತರಿಸಿ, ತುಟಿಯಿಂದ ಸಣ್ಣಗೆ ಸದ್ದು ಮಾಡುತ್ತ ಕರೆಯತೊಡಗಿದಳು.

ಆಗ ಅಪ್ಪ ಊಟಕ್ಕೆಂದು ಕಚೇರಿಯಿಂದ ಬಂದ. ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸುತ್ತಲೇ ಕೇಳಿದ, "ಬಂತೇನು? ಎಲ್ಲೆದ?"

"ದೇವರಮನ್ಯಾಗ" ಎಂದು ತಂಗಿ ಕೂಗಿದಳು.

ಸೈಕಲ್ಲು ಬಿದ್ದ ಸದ್ದಾಯಿತು. ಅಪ್ಪ ನಮ್ಮನ್ನು ಸರಿಸಿಕೊಂಡು, ಅವ್ವನನ್ನು ದಾಟಿ, ಪ್ಯಾಂಟಿನಲ್ಲಿಯೇ, ಕಾಲೂ ತೊಳೆಯದೆ, ದೇವರಮನೆಯೊಳಗೆ ಹೋದ. ಬೆಳಗಿನ ರಂಗೋಲಿಯ ಮೇಲೆ ಅವನ ಚಪ್ಪಲಿಯ ಗುರುತು ಮೂಡಿದ್ದನ್ನು ನಾನು ನೋಡಿದ್ದೇನೆ. ಬರಿಗಾಲಲ್ಲಿದ್ದ ಎನ್ನುತ್ತಾಳೆ ತಂಗಿ. ಇರಬಹುದು. ಆದರೆ ಅವನು ಸಾಗವಾನಿಯ ಆ ಭಾರದ ಮಂಟಪಕ್ಕೆ, ಒಳಗೆ ಸಾಲಿಗ್ರಾಮ ಇರುವಂತೆಯೇ, ಭುಜ ಕೊಟ್ಟು ಗೋಡೆಯಿಂದ ಆಚೆ ತಳ್ಳಿದ್ದು ಇಬ್ಬರಿಗೂ ನೆನಪಿದೆ. ದೀಪದ ಕಂಬ ಉರುಳಿ ಎಣ್ಣೆ ಚೆಲ್ಲಿತು. ಅವನು ಬಗ್ಗಿ ಕೈ ಹಾಕಿ, ಮರಿಯನ್ನು ಕತ್ತು ಹಿಡಿದು ಎತ್ತಿದ.

ಅವ್ವ ಎದ್ದು ನಿಂತಳು. ಅಪ್ಪನ ಮುಖ ನೋಡಿದಳು. ಆಮೇಲೆ ಅವಳ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ಕಂಡೆ. ಮಂಟಪ ಸರಿದ ಜಾಗದಿಂದ, ಗಂಧ, ತುಳಸಿ, ಚೆಲ್ಲಿದ ಎಣ್ಣೆ ಎಲ್ಲದರ ಕೆಳಗಿಂದ, ಬಳ್ಳೊಳ್ಳಿಯ ವಾಸನೆ ಬಂತು.

"ಇಲ್ಲೂ?" ಎಂದಳು.

"ನಾಲ್ಕು ತಗದೀನಿ." ಅಪ್ಪನ ದನಿ ಸಣ್ಣಗಿತ್ತು. "ಬೆಳಿಗ್ಗಿ ಪೂಜಾಕ್ಕ ಕೂತಾಗ ತಗದೀನಿ. ಒಂದು ಹಿಂದ ಉರುಳಿತ್ತು. ಕೈ ಎಟಕಲಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ದೇವರ ಹಿಂದ ವಿಷಾ ಇಟ್ಟೆ ಅಂತ ಹೆಂಗ ಹೇಳ್ಲಿ? ಮಂಟಪ ಸರಸಬೇಕಾದ್ರ ಎಲ್ಲಾರಿಗೂ ಗೊತ್ತಾಗ್ತಿತ್ತು. ಬೆಕ್ಕು ಇಲ್ಲಿಗೆಲ್ಲೆ ಬರ್ತದ ಅಂದುಕೊಂಡೆ. ದೇವರಮನಿ ಅಲ್ಲ?"

ಅವ್ವ ಹೊಸ್ತಿಲು ದಾಟಿದಳು. ಅವನ ಕೈಯಿಂದ ಮರಿಯನ್ನು ಕಸಿದುಕೊಂಡು, ಬೆರಳಿನಿಂದ ಅದರ ಬಾಯಿ ಅಗಲಿಸಿ, ತನ್ನ ಮೂಗನ್ನು ಅದರ ಬಾಯಿಗೆ ಹಚ್ಚಿದಳು. ಮರಿ ಅವಳ ಕೆನ್ನೆ ಪರಚಿತು. ಅವಳು ಮುಖ ಸರಿಸಲಿಲ್ಲ. ಮತ್ತೆ ಮೂಸಿದಳು. ಆ ಪುಡಿಯ ವಾಸನೆಯೇ ತುಂಬಿದ್ದ ಆ ಖೋಲಿಯಲ್ಲಿ ಅವಳಿಗೆ ಏನು ಗೊತ್ತಾಗಬೇಕು?

"ತಿಳೀವಲ್ದು" ಎಂದಳು. "ನನಗ ತಿಳೀವಲ್ದು."

ಮಾಮಾ ಬಗ್ಗಿ ನೋಡಿದ. ಮಂಟಪದ ಹಿಂದೆ ಗೋಡೆಯ ಬುಡದಲ್ಲಿ ಉಂಡೆ ಇತ್ತು. ಎರಡು ತುಂಡಾಗಿತ್ತು. ಅದರ ಸುತ್ತ ಇರುವೆಗಳು ಸತ್ತು ಉದುರಿದ್ದವು. ತುಂಡುಗಳನ್ನು ಜೋಡಿಸಿದರೆ ಪೂರಾ ಉಂಡೆ ಆಗುತ್ತದೋ, ಒಂದು ಚೂರು ಕಡಿಮೆ ಬೀಳುತ್ತದೋ ಎಂದು ಅವನು ಕಾಗದದ ಮೇಲೆ ಇಟ್ಟು ಬಹಳ ಹೊತ್ತು ನೋಡಿದ. ಮಂಟಪ ತಳ್ಳಿದಾಗ ಒಡೆಯಿತು ಎಂದ ಮಾಮಾ ಒಮ್ಮೆ. ಇಲ್ಲ, ಇದು ಹಲ್ಲಿನ ಗುರುತು ಎಂದ ಒಮ್ಮೆ. ಬಾಜೂ ಮನೆಯ ಅಕ್ಕ "ಮಜ್ಜಿಗಿ ಕುಡಸ್ರೀ, ಜಲ್ದಿ ಕುಡಸ್ರೀ" ಎನ್ನುತ್ತಿದ್ದಳು. ಮಾಮಾ ದನದ ದವಾಖಾನೆಗೆ ಓಡಿ ಹೋಗಿ ಬಂದ. ಊಟದ ಹೊತ್ತು, ಬಾಗಿಲು ಹಾಕಿತ್ತು.

ಅವ್ವ ಮಜ್ಜಿಗೆ ಕುಡಿಸಲಿಲ್ಲ. ಅವಳಿಗೆ ಆಗ ಈ ಮನೆಯ ಯಾವ ಪಾತ್ರೆಯ ಮೇಲೂ ಭರವಸೆ ಇರಲಿಲ್ಲ ಎಂದು ಕಾಣುತ್ತದೆ.

"ಇನ್ನ ಎಲ್ಲೆಲ್ಲೆ ಇಟ್ಟೀರಿ?" ಎಂದು ಕೇಳಿದಳು.

ನನ್ನ ಹದಿನೈದರ ಲೆಕ್ಕ ಅಲ್ಲೇ ನಿಂತಿತ್ತು, ಯಾರೂ ಅದರ ಹೆಸರೆತ್ತಲಿಲ್ಲ. ಅಪ್ಪ ಬಾಯಿ ತೆರೆದ. ಅವನು ಎಂದಿನಂತೆ "ಎಲ್ಲೂ ಇಲ್ಲ, ಮುಗೀತು" ಅನ್ನುತ್ತಾನೆ ಎಂದುಕೊಂಡೆ. ಅವನು ನಡುಮನೆಯ ಕಡೆ ನೋಡಿದ, ಅಡುಗೆಮನೆಯ ಕಡೆ ನೋಡಿದ, ಗೂಡುಗಳನ್ನು, ಜಂತಿಯನ್ನು ನೋಡಿದ. ತಾನು ಕಟ್ಟಿದ ಗಳವನ್ನು ನೋಡಿದ.

"ಗೊತ್ತಿಲ್ಲ" ಎಂದ.

ಆ ಮನೆಯಲ್ಲಿ ಅಪ್ಪನ ಬಾಯಿಂದ ಆ ಮಾತು ಅದಕ್ಕೆ ಮುಂಚೆ ಕೇಳಿದ ನೆನಪು ನನಗಿಲ್ಲ. ಇದನ್ನು ತಂಗಿಯೂ ಒಪ್ಪುತ್ತಾಳೆ.

ಅವ್ವ ಮರಿಯನ್ನು ಅವನ ಎದೆಗೆ ಒತ್ತಿದಳು. "ಹಿಡೀರಿ. ಕೆಳಗ ಬಿಡಬ್ಯಾಡ್ರಿ. ನಾ ಹೇಳೂ ತನಕ ಕೆಳಗ ಬಿಡಬ್ಯಾಡ್ರಿ."

"ನಾ ಕಚೇರಿಗೆ..."

"ಹಿಡೀರಿ."

ಅಪ್ಪ ಹಿಡಿದ. ಹೇಗೆ ಹಿಡಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಪೂಜೆಯ ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ, ಮೈಯಿಂದ ದೂರ, ಹಿಡಿದಿದ್ದ. ಮಾಮಾ ಬಂದು ಒಂದು ಕೈ ಅದರ ಹೊಟ್ಟೆಯ ಕೆಳಗೆ ಇಡಿಸಿದ. ಅಪ್ಪ ಪಡಸಾಲೆಗೆ ಹೋಗಿ, ಹಾಸಿಗೆಯ ಪೆಟ್ಟಿಗೆಯ ಮೇಲೆ ಕೂತ. ಊಟ ಮಾಡಲಿಲ್ಲ. ಕಚೇರಿಗೆ ಹೋಗಲಿಲ್ಲ. ಬಾಜೂ ಮನೆಯ ಅಕ್ಕ ಏನೋ ತಮಾಷೆ ಮಾಡಲು ಬಾಯಿ ತೆರೆದವಳು ಅವನನ್ನು ನೋಡಿ, ಸೆರಗು ಸರಿಮಾಡಿಕೊಂಡು ಮನೆಗೆ ಹೋದಳು.

ಅವ್ವ ದೇವರಮನೆಯಿಂದ ಶುರು ಮಾಡಿದಳು. ಇಡೀ ಮನೆಯನ್ನು ಮತ್ತೊಮ್ಮೆ, ಪರಸಿ ಪರಸಿಯಾಗಿ. ಬಗ್ಗಿ ಮೂಸುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಮುಂದಿನ ಪರಸಿಗೆ ಸರಿಯುವುದು. ನಾನು ಬಕೆಟ್ಟು ಹಿಡಿದು ಹಿಂದೆ ಹೋಗುತ್ತಿದ್ದೆ. ಅಪ್ಪನನ್ನು ಅವಳು ನೋಡಲಿಲ್ಲ, ಆದರೆ ಪಡಸಾಲೆಯ ಬಾಗಿಲ ಹತ್ತಿರ ಬಂದಾಗಲೆಲ್ಲ ತಲೆ ಎತ್ತದೆಯೇ ಕೇಳುತ್ತಿದ್ದಳು.

"ಉಸುರು ಆಡ್ತದೇನು?"

"ಆಡ್ತದ."

"ವಾಂತಿ?"

"ಇಲ್ಲ."

"ಜೊಲ್ಲು ಸುರೀಲಿಕತ್ತದೇನು ನೋಡ್ರಿ."

ಅಪ್ಪ ತನ್ನ ಕಚೇರಿಯ ಅಂಗಿಯ ತೋಳಿನಿಂದ ಅದರ ಬಾಯಿ ಒರೆಸಿ ನೋಡಿದ. "ಇಲ್ಲ."

ಮಾಮಾ ಕೊನೆಯ ಬಸ್ಸಿಗೆ ಮುಂಚಿನ ಬಸ್ಸನ್ನೂ ಬಿಟ್ಟ. ಖಾಲಿ ಬುಟ್ಟಿಯನ್ನು ಕಾಲಲ್ಲಿ ಆಡಿಸುತ್ತ ಮೆಟ್ಟಿಲ ಮೇಲೆ ಕೂತಿದ್ದ. ಮರಿ ಕೂಗುವುದನ್ನು ನಿಲ್ಲಿಸಿತ್ತು. ಅದು ನಮಗೆ ಯಾರಿಗೂ ಚೆನ್ನಾಗಿ ಕಾಣಲಿಲ್ಲ. ಕಣ್ಣು ಮುಚ್ಚಿಕೊಂಡು ಅಪ್ಪನ ತೋಳಿನ ಸಂದಿಯಲ್ಲಿ ತಲೆ ಇಟ್ಟಿತ್ತು, ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ನಿದ್ದೆಯೋ ಮತ್ತೊಂದೋ ಎಂದು ಹೇಳುವವರು ಯಾರು? ಅಪ್ಪ ಅದರ ಹೊಟ್ಟೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ತೋಳು ಜೋಮು ಹಿಡಿದಿರಬೇಕು, ಆದರೂ ಬದಲಿಸಲಿಲ್ಲ.

ಮನೆಯಲ್ಲಿ ಬೇರೆ ಎಲ್ಲೂ ಉಂಡೆ ಸಿಗಲಿಲ್ಲ. ಹಾಗಾದರೆ ನಾಲ್ಕೇ ಜಾಗ, ಐದೈದು, ಇಪ್ಪತ್ತು. ಈ ಲೆಕ್ಕವೂ ಕೂಡುತ್ತದೆ. ನಾನು ಇದನ್ನು ಅವ್ವನಿಗೆ ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವ್ವ ಕೊನೆಯದಾಗಿ ಪಡಸಾಲೆಗೆ ಬಂದಳು. ಕೆನ್ನೆಯ ಪರಚು ಒಣಗಿತ್ತು. ಮೊಣಕಾಲಿನ ಹತ್ತಿರ ಸೀರೆ ಪೂರಾ ಒದ್ದೆ. ಆ ಹೊತ್ತಿಗೆ ಸರಿಯಾಗಿ ಮರಿ ಎಚ್ಚರಗೊಂಡಿತು. ಒಮ್ಮೆ ಮೈ ಮುರಿಯಿತು. ಅಪ್ಪನ ಮುಖ ನೋಡಿತು. ಹಸಿದಿತ್ತು. ಅವನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡು, ಹಾಲು ಬರದಿದ್ದಾಗ, ಸೂಜಿಯಂಥ ಹಲ್ಲು ಊರಿ ಕಚ್ಚಿತು.

"ಏ!" ಎಂದು ಅಪ್ಪ ಕೂಗಿದ. "ಕಚ್ಚತದ! ಕಚ್ಚತದ ನೋಡಿಲ್ಲೆ!"

ಮಾಮಾ ಎದ್ದು ನಿಂತ. ತಂಗಿ ಓಡಿ ಬಂದಳು. ಅವ್ವ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, ಅಪ್ಪನ ಮುಂದೆ ಬಂದು ನಿಂತು, ಹತ್ತಿರದಿಂದ ನೋಡಿದಳು. ಮರಿ ಹೆಬ್ಬೆರಳನ್ನು ಬಿಟ್ಟಿರಲಿಲ್ಲ.

"ಕಚ್ಚಲಿ" ಎಂದಳು.